ಸ್ಪೋರ್ಟ್ಸ್ ಬೈಕ್ ನೀವೇ ಮಾರ್ತೀರಾ? ಕೀ ಕೊಟ್ಟ ತಕ್ಷಣ ಮುಗೀತು ಅನ್ಕೋಬೇಡಿ

ನಮಸ್ಕಾರ ಎಲ್ರಿಗೂ. ಸ್ಕ್ರೀನ್ ಮೇಲೆ ಕಾಣ್ತಿರೋ ಕೆಂಪು ಅಪಾಚೆ ಆರ್‌ಆರ್ 310 ಹೋದ ತಿಂಗಳವರೆಗೂ ನಂದು. ಬ್ರೋಕರ್‌ಗೆ ಕೊಡ್ಲಿಲ್ಲ, ಎಕ್ಸ್‌ಚೇಂಜ್‌ಗೂ ಹಾಕ್ಲಿಲ್ಲ, ನಾನೇ ಮಾರ್ದೆ. ಯಾಕಂದ್ರೆ ಮುಂಚೆ ಒಂದ್ ಗಾಡಿ ಮಾರಿ ಸರಿಯಾಗಿ ಅನುಭವಿಸಿದ್ದೆ, ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಗಾಡಿ ವಿಷ್ಯ. ಫೇರಿಂಗ್, ಅಂದ್ರೆ ಮೈ ಮುಚ್ಚೋ ಪ್ಲಾಸ್ಟಿಕ್ ಹೊದಿಕೆ ಇರೋ ಬೈಕ್ ನೋಡೋಕೆ ಬರೋನು ಮೊದಲು ಹುಡುಕೋದೇ ಬಿದ್ದಿರೋ ಗುರುತು. ನನ್ನ ಗಾಡಿ ಸಕಲೇಶಪುರದ ಹತ್ರ ಒಂದ್ ತಿರುವಲ್ಲಿ ಮರಳಿಗೆ ಜಾರಿ ಎಡಗಡೆ ಬಿದ್ದಿತ್ತು, ಕ್ಲಚ್ ಲಿವರ್ ತುದಿ ಸವೆದಿತ್ತು, ಹ್ಯಾಂಡಲ್ ತುದಿಲಿರೋ ಬಾರ್ ಎಂಡ್ ಕೆರೆದಿತ್ತು, ಫೇರಿಂಗ್ ಮೇಲೆ ಗೇಣುದ್ದ ಗೀರು. ಪೇಂಟ್ ಹೊಡ್ಸಿ ಮುಚ್ಚು ಅಂದ್ರು ಫ್ರೆಂಡ್ಸು, ನಾನು ಒಪ್ಲಿಲ್ಲ, ಜಾಹೀರಾತಲ್ಲಿ ಮೊದಲ್ನೇ ಫೋಟೋನೇ ಆ ಗೀರಿಂದು ಹಾಕ್ದೆ. ಸುಮ್ನೆ ಲಾಸ್ಟ್ ರೇಟ್ ಎಷ್ಟು ಅಂತ ಕೇಳೋ ಮೆಸೇಜು ಕಮ್ಮಿ ಆಯ್ತು, ನಿಜವಾಗ್ಲೂ ತಗೊಳ್ಳೋರು ಬಂದ್ರು.

ಕೊನೆಗೆ ತಗೊಂಡ ಹುಡುಗ ಬಂದವ್ನೇ ಗಾಡಿ ಸ್ಟಾರ್ಟ್ ಮಾಡ್ಲಿಲ್ಲ. ಇಂಜಿನ್ ಮುಟ್ಟಿ ತಣ್ಣಗಿದ್ಯಾ ನೋಡ್ದ, ಮಂಡಿ ಊರಿ ಕೂತು ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನ ಫೋರ್ಕ್ ಸೀಲ್, ಅಂದ್ರೆ ಮುಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರದ ಹಾಗೆ ತಡೆಯೋ ರಬ್ಬರ್, ಅದ್ರ ಕೆಳಗೆ ಬೆರಳಿಟ್ಟು ಒರೆಸಿ ಎಣ್ಣೆ ಅಂಟುತ್ತಾ ಅಂತ ಬೆರಳನ್ನೇ ನೋಡ್ತಾ ಇದ್ದ. ಟೈರ್ ಮೇಲಿನ ನಾಲ್ಕು ಅಂಕಿನೂ ಓದ್ದ. 2319 ಅಂತಿದ್ರೆ 2019ರ 23ನೇ ವಾರದ ಟೈರು ಅಂತ ಅರ್ಥ, ಟೈರಿನ ಗುಂಡಿ (ಟ್ರೆಡ್) ಎಷ್ಟೇ ಉಳಿದಿದ್ರೂ ರಬ್ಬರ್ ಗಟ್ಟಿ ಆಗಿರತ್ತೆ. ಇಂಜಿನ್ ತಣ್ಣಗಿದ್ರೇನೇ ಸ್ಟಾರ್ಟಿಂಗ್ ತೊಂದ್ರೆ ಗೊತ್ತಾಗೋದು, ಅದಕ್ಕೇ ಹೇಳ್ತೀನಿ, ನೋಡೋರು ಬರೋ ಮುಂಚೆ ಗಾಡಿ ಬಿಸಿ ಮಾಡಿಡ್ಬೇಡಿ, ಗೊತ್ತಿರೋರಿಗೆ ತಕ್ಷಣ ಡೌಟ್ ಬರತ್ತೆ. ಆಫ್ಟರ್‌ಮಾರ್ಕೆಟ್ ಸೈಲೆನ್ಸರ್, ಅಂದ್ರೆ ಹೊರಗಡೆ ತಗೊಂಡು ಹಾಕ್ಸಿದ್ದು ಇದ್ರೆ ಬಿಚ್ಚಿ ಕಂಪ್ನಿದೇ ಹಾಕಿ.

ಟೆಸ್ಟ್ ರೈಡ್‌ಗೆ ಲೈಸೆನ್ಸು ಹೆಲ್ಮೆಟ್ ಎರಡೂ ಇರ್ಬೇಕು, ಅವ್ರು ಬಂದಿರೋ ಗಾಡಿ ಕೀ ನಿಮ್ಮ ಕೈಲಿರ್ಬೇಕು. ಟೆಸ್ಟ್ ರೈಡ್ ಅಂತ ಹೋಗಿ ವಾಪಸ್ ಬರದೇ ಇರೋ ಕೇಸು ತುಂಬಾ ಇವೆ. ಇನ್ನೊಂದು, ಆರ್ಮಿಲಿದೀನಿ ಗಾಡಿ ನೋಡ್ದೇನೇ ತಗೋತೀನಿ, ಕ್ಯೂಆರ್ ಕಳಿಸ್ತೀನಿ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತ ಯಾರಾದ್ರೂ ಅಂದ್ರೆ ಫೋನ್ ಇಟ್ಬಿಡಿ, ದುಡ್ಡು ಬರೋಕೆ ಪಿನ್ ಬೇಕಾಗೋದೇ ಇಲ್ಲ. ಕ್ಯಾಶ್ ಆದ್ರೆ 2 ಲಕ್ಷ ಮುಟ್ಟೋ ಹಾಗಿಲ್ಲ, ಇನ್‌ಕಮ್ ಟ್ಯಾಕ್ಸ್ ಕಾನೂನಲ್ಲೇ ಇದೆ.

ಈಗ ಆ ಹಳೇ ಗಾಡಿ ಕಥೆ. ಒಬ್ಬ ಬ್ರೋಕರ್ ಕೈಗೆ ಗಾಡಿ ಹೆಸರು ಬದಲಾಯ್ಸೋ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಬರೀ ಸಹಿ ಹಾಕಿ, ಖಾಲಿ ಬಿಟ್ಟು ಕೊಟ್ಟಿದ್ದೆ. ಅವ್ನು ಮಾರ್ದ, ತಗೊಂಡೋನು ಇನ್ನೊಬ್ನಿಗೆ ಮಾರ್ದ, ಹೆಸರು ಮಾತ್ರ ನಂದೇ. ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪು, ಎಲ್ಲಾ ಚಲನ್ ಮೆಸೇಜು ನನ್ನ ಮೊಬೈಲ್‌ಗೆ. ದಂಡ ಹೋದ್ರೆ ಹೋಗ್ಲಿ, ಆ ಗಾಡಿ ಯಾರಿಗಾದ್ರೂ ಗುದ್ದಿದ್ರೆ? 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಬಂದಿತ್ತು, ಒಂದು ಕಾರು ಕೈಯಿಂದ ಕೈಗೆ ಮಾರಾಟ ಆಗಿತ್ತು, ದಾಖಲೇಲಿ ಮೊದಲ್ನೇವ್ರ ಹೆಸರೇ ಉಳಿದಿತ್ತು, ಅಪಘಾತದ ಪರಿಹಾರಕ್ಕೆ ಅವ್ರೇ ಹೊಣೆ ಅಂತ ಆಯ್ತು. ಇದನ್ನ ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಅದಕ್ಕೆ ಈ ಸಲ ನಾನು, ತಗೊಂಡ ಹುಡುಗ ಇಬ್ರೂ ಒಟ್ಟಿಗೇ ಕೂತು ಸರ್ಕಾರದ ಪರಿವಾಹನ್ ಸೈಟಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಿದ್ವಿ. ರಾಜ್ಯದೊಳಗೇ ಆದ್ರೆ ಮಾರಿದೋರು 14 ದಿನದಲ್ಲಿ ಆರ್‌ಟಿಓಗೆ ತಿಳಿಸ್ಬೇಕು ಅಂತ ಮೋಟಾರು ವಾಹನ ಕಾಯ್ದೆನೇ ಹೇಳತ್ತೆ. ಲೋನ್ ಇದ್ರೆ ಬ್ಯಾಂಕ್ ಎನ್‌ಓಸಿ (ಆಕ್ಷೇಪ ಇಲ್ಲ ಅನ್ನೋ ಪತ್ರ) ಮತ್ತೆ ಗಾಡಿ ದಾಖಲೆಯಿಂದ ಬ್ಯಾಂಕ್ ಹೆಸರು ತೆಗೆಸೋ ಫಾರ್ಮ್ 35, ಬೇರೆ ರಾಜ್ಯಕ್ಕೆ ಹೋಗತ್ತೆ ಅಂದ್ರೆ ಆರ್‌ಟಿಓ ಎನ್‌ಓಸಿ. ಕೀ ಕೊಡೋವಾಗ ಒಂದು ಹಾಳೇಲಿ ತಾರೀಖು, ಟೈಮು, ಓಡೋಮೀಟರ್ ಎಷ್ಟು ಅಂತ ಬರ್ದು ಇಬ್ರೂ ಸಹಿ ಹಾಕಿ, ಅವ್ರ ಡಿಎಲ್ ಕಾಪಿ ಇಟ್ಕೊಳ್ಳಿ. ಇನ್ಶೂರೆನ್ಸ್ ಅವ್ರ ಹೆಸರಿಗೆ ಹೋಗತ್ತೆ, ಆದ್ರೆ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಸಿಗೋ ರಿಯಾಯ್ತಿ, ನಿಮ್ದು, ಸರ್ಟಿಫಿಕೇಟ್ ಕೇಳಿ ಇಸ್ಕೊಳ್ಳಿ, ಮುಂದಿನ ಗಾಡಿಗೆ ಆಗತ್ತೆ.

ಆಮೇಲೆ ದಿನಾ ಬೆಳಿಗ್ಗೆ ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿ ನೋಡ್ತಿದ್ದೆ. ಅದ್ರಲ್ಲಿ ಓನರ್ ಹೆಸರು ಪೂರ್ತಿ ಕಾಣಲ್ಲ, ಮಧ್ಯೆ ಸ್ಟಾರ್ ಇರತ್ತೆ. ಮೊನ್ನೆ ಸೋಮವಾರ ಮೊದಲ್ನೇ ಅಕ್ಷರ ಬದಲಾಗಿತ್ತು, ಆ ಹುಡುಗನಿಗೆ ಸ್ಕ್ರೀನ್‌ಶಾಟ್ ಕಳಿಸ್ದೆ.