ಜಾಹೀರಾತಿನ ಜೊತೆಗೆ ತೀರ್ಥೋದ್ಭವವೂ ಹಾರಿಹೋದಾಗ

ನಮಸ್ಕಾರ. ಟಿವಿ ಕಾರ್ಯಕ್ರಮಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿಕೊಂಡು, ಜಾಹೀರಾತುಗಳನ್ನು ತಾನಾಗಿಯೇ ದಾಟಿಸುವ ತಂತ್ರಾಂಶವನ್ನು ನಂಬುವವರು ಒಂದು ಎಚ್ಚರಿಕೆ ವಹಿಸಲೇಬೇಕು ಎಂದು ಹೇಳಲು ಈ ವಿಡಿಯೊ ಮಾಡುತ್ತಿದ್ದೇನೆ.

ತುಲಾ ಸಂಕ್ರಮಣದ ತೀರ್ಥೋದ್ಭವದ ಮುಹೂರ್ತ ವರ್ಷವರ್ಷವೂ ಬದಲಾಗುತ್ತದೆ. ಕೆಲವು ವರ್ಷ ಅದು ನಡುರಾತ್ರಿ ಕಳೆದ ಮೇಲೆ ಬರುತ್ತದೆ. ತಲಕಾವೇರಿಯವರೆಗೆ ಹೋಗಲಾಗದ ಹಿರಿಯರು ಬೆಳಿಗ್ಗೆ ಎದ್ದು ನೋಡಲೆಂದು ನೇರಪ್ರಸಾರವನ್ನು ರೆಕಾರ್ಡ್ ಮಾಡಿಡುವುದು ಮಡಿಕೇರಿಯ ನಮ್ಮ ಮನೆಯ ರೂಢಿ. ಪರದೆಯ ಮೇಲೆ ಈಗ ಕಾಣುತ್ತಿರುವುದು ಅಂಥದ್ದೇ ಒಂದು ರೆಕಾರ್ಡಿಂಗ್. ಅರ್ಚಕರು ಬ್ರಹ್ಮಕುಂಡಿಕೆಯ ಬಳಿ ಇದ್ದಾರೆ, ಮಂತ್ರಘೋಷ ಕೇಳುತ್ತಿದೆ, ಮರುಕ್ಷಣವೇ ಸ್ಟುಡಿಯೊದಲ್ಲಿ ಕುಳಿತ ನಿರೂಪಕರು ಬಂದುಬಿಡುತ್ತಾರೆ. "ತೀರ್ಥ ಬಂದದ್ದೇ ಕಾಣಲಿಲ್ಲವಲ್ಲ ಮಗಾ?" ಎಂದು ಅಜ್ಜಿ ಕೇಳಿದರು. ವರ್ಷಕ್ಕೊಮ್ಮೆ ಬರುವ ಆ ಗಳಿಗೆಯನ್ನು ತಂತ್ರಾಂಶ ಜಾಹೀರಾತೆಂದು ಬಗೆದಿತ್ತು.

ಹೀಗೇಕಾಗುತ್ತದೆ ಎಂದರೆ, ಕಾಮ್‌ಸ್ಕಿಪ್‌ನಂಥ ತಂತ್ರಾಂಶಗಳಿಗೆ ಜಾಹೀರಾತು ಯಾವುದೆಂದು ತಿಳಿದಿರುವುದಿಲ್ಲ. ಅವು ಕುರುಹುಗಳನ್ನು ಹಿಡಿದು ಊಹಿಸುತ್ತವೆ. ಎರಡು ಜಾಹೀರಾತುಗಳ ನಡುವೆ ಮಿಂಚಿ ಹೋಗುವ ಕಪ್ಪು ಫ್ರೇಮ್, ಕ್ಷಣಕಾಲದ ಮೌನ, ಮೂಲೆಯಲ್ಲಿನ ವಾಹಿನಿಯ ಲೋಗೊ ಮರೆಯಾಗುವುದು, ಎರಡು ಕಪ್ಪು ಫ್ರೇಮ್‌ಗಳ ನಡುವಿನ ಅವಧಿ, ಇವೇ ಆ ಕುರುಹುಗಳು. ರಾತ್ರಿಯ ಬೆಟ್ಟದಲ್ಲಿ ಕ್ಯಾಮೆರಾ ದೀಪದ ಬೆಳಕಿನಿಂದ ಜನಸಂದಣಿಯ ಕಡೆಗೆ ಹೊರಳಿದಾಗ ಚಿತ್ರದ ಬೆಳಕು ನಿಗದಿತ ಮಿತಿಗಿಂತ ಕೆಳಗಿಳಿದು ಕಪ್ಪು ಫ್ರೇಮ್ ಎಂದೇ ಎಣಿಕೆಯಾಗುತ್ತದೆ, ಮತ್ತೆ ಅರೆನಿಮಿಷಕ್ಕೆ ಇನ್ನೊಂದು ಹಾಗೆಯೇ ಬಂದರೆ ನಡುವಿನ ತುಣುಕು ಜಾಹೀರಾತಿನ ಅಳತೆಗೆ ಸರಿಯಾಗಿ ಹೊಂದಿಬಿಡುತ್ತದೆ.

ಲೋಗೊದ ಕಥೆ ಇನ್ನೂ ತೊಡಕಿನದು. ಬದಲಾಗದೆ ನಿಲ್ಲುವ ಅಂಚುಗಳನ್ನು ಹುಡುಕಿ ತಂತ್ರಾಂಶ ಲೋಗೊವನ್ನು ಗುರುತಿಸುತ್ತದೆ. ಸುದ್ದಿವಾಹಿನಿಗಳು ಚಿತ್ರವನ್ನು ಕುಗ್ಗಿಸಿ ಪಕ್ಕದಲ್ಲೂ ಕೆಳಗೂ ಜಾಹೀರಾತು ತುಂಬಿದಾಗ ಲೋಗೊ ಜಾಗ ಬದಲಿಸಿದರೆ ಪೂಜೆಯೇ ಜಾಹೀರಾತಾಗುತ್ತದೆ. ಲೋಗೊ ಉಳಿಸಿಕೊಂಡೇ ಜಾಹೀರಾತು ಹಾಕುವಲ್ಲಿ ಜಾಹೀರಾತು ಕಾರ್ಯಕ್ರಮವಾಗುತ್ತದೆ.

ಇದಕ್ಕೆ ನಮ್ಮ ಮಳೆಯೂ ಸೇರಿಕೊಳ್ಳುತ್ತದೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಎಂಬ ತರಂಗಶ್ರೇಣಿಯ ಉಪಗ್ರಹ ಸಂಕೇತ ಜಡಿಮಳೆಯಲ್ಲಿ ಕ್ಷೀಣಿಸುವುದರಿಂದ ರೆಕಾರ್ಡಿಂಗ್‌ನಲ್ಲಿ ತುಣುಕುಗಳು ಕಳೆದುಹೋಗುತ್ತವೆ, ಸಮಯದ ಗುರುತುಗಳು ನೆಗೆಯುತ್ತವೆ. ಆಗ ಊಹೆ ಸರಿಯಿದ್ದರೂ ದಾಟುವ ಜಾಗ ಕೆಲವು ಸೆಕೆಂಡು ಆಚೀಚೆ ಆಗುತ್ತದೆ. ಜಡಿಮಳೆಯ ಆಟಿ ತಿಂಗಳಲ್ಲಿ ಮಾಡಿದ ರೆಕಾರ್ಡಿಂಗ್‌ಗಳಲ್ಲಿ ನಾನು ಇದನ್ನೇ ಹೆಚ್ಚಾಗಿ ಕಂಡಿದ್ದೇನೆ.

ಬೆಳಕಿನ ಮಿತಿಯನ್ನು ತಗ್ಗಿಸಿ ನೋಡಬಹುದು, ಸ್ವಲ್ಪ ಪ್ರಯೋಜನವಿದೆ. ಆದರೆ ನಿಜವಾದ ಪರಿಹಾರ ಬೇರೆ. ತಂತ್ರಾಂಶವು ವಿಡಿಯೊದ ಪಕ್ಕದಲ್ಲೇ ಇಡಿಎಲ್ ಎಂಬ ಪುಟ್ಟ ಪಠ್ಯ ಕಡತವೊಂದನ್ನು ಬರೆದಿಡುತ್ತದೆ. ತೆರೆದು ತೋರಿಸುತ್ತೇನೆ: ಪ್ರತಿ ಸಾಲಿನಲ್ಲೂ ಆರಂಭದ ಸೆಕೆಂಡು, ಮುಗಿಯುವ ಸೆಕೆಂಡು, ಕೊನೆಯಲ್ಲೊಂದು ಅಂಕಿ. ಆ ಅಂಕಿ 0 ಆಗಿದ್ದರೆ ಕೋಡಿಯಂಥ ಪ್ಲೇಯರ್ ಆ ಭಾಗ ಇಲ್ಲವೇ ಇಲ್ಲ ಎಂಬಂತೆ ನಡೆದುಕೊಳ್ಳುತ್ತದೆ, ಹಿಂದಕ್ಕೆ ಹೋದರೂ ಸಿಗುವುದಿಲ್ಲ. 3 ಆಗಿದ್ದರೆ ಒಮ್ಮೆ ದಾಟಿಸುತ್ತದೆ, ರಿಮೋಟ್‌ನಲ್ಲಿ ಹಿಂದೆ ಸರಿದರೆ ಪೂರ್ತಿ ತೋರಿಸುತ್ತದೆ. ಕಾಮ್‌ಸ್ಕಿಪ್‌ನ ಸೆಟ್ಟಿಂಗ್ ಕಡತದಲ್ಲಿ ಇಡಿಎಲ್ ಸ್ಕಿಪ್ ಫೀಲ್ಡ್ ಎಂಬಲ್ಲಿ 3 ಎಂದು ಬರೆದರೆ ಮುಂದಿನ ರೆಕಾರ್ಡಿಂಗ್‌ಗಳೆಲ್ಲ ಹಾಗೆಯೇ ಬರುತ್ತವೆ.

ಜಾಗ ಉಳಿಸಲೆಂದು ಜಾಹೀರಾತು ಕತ್ತರಿಸಿ ಮೂಲವನ್ನು ಅಳಿಸುವ ಸ್ಕ್ರಿಪ್ಟ್‌ಗಳನ್ನು ಮಾತ್ರ ದಯವಿಟ್ಟು ಹಾಕಿಕೊಳ್ಳಬೇಡಿ. ಅಳಿಸಿದ ಮೇಲೆ ಯಾವ ಅಂಕಿ ತಿದ್ದಿಯೂ ಫಲವಿಲ್ಲ. ನಮ್ಮ ಮನೆಯಲ್ಲಿ ಮೂಲ ಕಡತ ಉಳಿದಿತ್ತು. ಒಂದು ಸಾಲಿನ ಕೊನೆಯ 0 ತೆಗೆದು 3 ಹಾಕಿದೆ, ರಿಮೋಟ್ ಒತ್ತಿ ಹಿಂದೆ ಸರಿದೆವು, ಅಜ್ಜಿ ತೀರ್ಥೋದ್ಭವವನ್ನು ಎರಡು ಸಲ ನೋಡಿದರು.