ಪೆಟ್ರೋಲ್ ಹೋಗದ ಕಡೆ ಬಾಟಲಿಯೂ ಹೋಗಲ್ಲ

ನಮಸ್ಕಾರ. ಇವತ್ತು ಒಂದು ಸಣ್ಣ ಬಾಟಲಿಯ ವಿಷಯ. ಲೇಬಲ್ ಮೇಲೆ ಎರಡು ಚಿತ್ರ ಇರುತ್ತದೆ. ಎಡಗಡೆ ಮಸಿ ಮೆತ್ತಿದ ವಾಲ್ವ್, ಬಲಗಡೆ ಪಳಪಳ ಹೊಳೆಯುವ ವಾಲ್ವ್. ಟ್ಯಾಂಕಿಗೆ ಸುರಿಯಿರಿ, ಗಾಡಿ ಓಡಿಸಿ, ಇಂಜಿನ್ ಕ್ಲೀನ್. ಹೌದು, ಫ್ಯುಯೆಲ್ ಸಿಸ್ಟಮ್ ಕ್ಲೀನರ್. ನಾನು ಇದರ ವಿರೋಧಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಒಂದು ಕೆಲಸ ಬರುತ್ತದೆ, ಅದನ್ನು ಚೆನ್ನಾಗಿಯೇ ಮಾಡುತ್ತದೆ. ನಾವು ಅದಕ್ಕೆ ಹತ್ತು ಕೆಲಸ ಹಚ್ಚುತ್ತೇವೆ. ನನ್ನ ತಕರಾರು ಅಷ್ಟೇ.

ನನ್ನದೇ ಕಥೆ ಕೇಳಿ. ಕಾರು ಸಿಗ್ನಲ್‌ನಲ್ಲಿ ನಿಂತರೆ ಸಾಕು, ನಡುಗುತ್ತಿತ್ತು. ಗೇರ್ ಮೇಲೆ ಕೈ ಇಟ್ಟರೆ ಚಳಿಜ್ವರ ಬಂದವರ ಕೈ ಹಿಡಿದ ಹಾಗೆ. ಪಿಕಪ್ ಇಲ್ಲ. ನಾನೇನು ಮಾಡಿದೆ? ಬಾಟಲಿ ತಂದು ಸುರಿದೆ. ಒಂದು ಟ್ಯಾಂಕ್ ಮುಗಿಯಿತು, ನಡುಕ ನಿಲ್ಲಲಿಲ್ಲ. ಡೋಸ್ ಸಾಲಲಿಲ್ಲವೇನೋ ಅಂತ ಇನ್ನೊಂದು ಸುರಿದೆ. ಮುಂದಕ್ಕೂ ಇರಲಿ ಅಂತ ಮೂರನೆಯದನ್ನೂ ತಂದಿಟ್ಟುಕೊಂಡಿದ್ದೆ. ಒಂದು ದಿನ ಚೆಕ್ ಇಂಜಿನ್ ಲೈಟ್ ಮಿಣಮಿಣ ಮಿನುಗತೊಡಗಿತು. ಆಗ ಭಯವಾಗಿ ಗ್ಯಾರೇಜಿಗೆ ಹೋದೆ.

ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿದರು. ಪಿ0302 ಅಂತ ಬಂತು. ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಅವರು ಆ ಸಿಲಿಂಡರ್‌ನ ಇಗ್ನಿಷನ್ ಕಾಯಿಲ್, ಅಂದರೆ ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ, ಬಿಚ್ಚಿ ಮೂರನೆಯದಕ್ಕೆ ಹಾಕಿದರು, ಮೂರನೆಯದರದ್ದನ್ನು ಎರಡಕ್ಕೆ. ಕೋಡ್ ಅಳಿಸಿದರು. ಸ್ಟಾರ್ಟ್ ಮಾಡಿದರು. ಸ್ವಲ್ಪ ಹೊತ್ತು ಕಾದೆವು. ಈ ಸಲ ಪಿ0303. ರೋಗ ಕಾಯಿಲ್ ಜೊತೆಯಲ್ಲೇ ಮನೆ ಬದಲಿಸಿತ್ತು! "ಕಾಯಿಲ್ ಹೋಗಿದೆ ಸಾರ್. ಪೆಟ್ರೋಲ್ ಪಾಪ ಏನ್ ಮಾಡಿದೆ?" ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಅದೂ ಎರಡು ಸಲ.

ಅಂದಹಾಗೆ, ಆ ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ಬೇರೆ ಮಾತು. ಮಿನುಗುತ್ತಿದ್ದರೆ ಮಾತ್ರ ಗಾಡಿ ಓಡಿಸಬೇಡಿ. ಉರಿಯದೆ ಉಳಿದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕಾಯಿಲ್ ಬದಲಿಸುವುದು ಸಣ್ಣ ಕೆಲಸ, ಕನ್ವರ್ಟರ್ ಹಾಗಲ್ಲ.

ಸರಿ, ಹಾಗಾದರೆ ಬಾಟಲಿ ಏನು ಮಾಡುತ್ತದೆ? ಇಂಜಿನ್ ಆಫ್ ಮಾಡಿದ ಕ್ಷಣ ನೆನಪಿಸಿಕೊಳ್ಳಿ. ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ನಳಿಕೆಗೆ ಇಂಜೆಕ್ಟರ್ ಅನ್ನುತ್ತಾರೆ. ಅದರ ತುದಿಯಲ್ಲಿ ಒಂದಿಷ್ಟು ಪೆಟ್ರೋಲ್ ಪಸೆ ಉಳಿದಿರುತ್ತದೆ. ಇಂಜಿನ್ ಇನ್ನೂ ಕಾದಿದೆ, ತಂಪು ಮಾಡಲು ಹೊಸ ಪೆಟ್ರೋಲ್ ಬರುತ್ತಿಲ್ಲ. ಹಗುರವಾದ ಅಂಶ ಆವಿಯಾಗುತ್ತದೆ, ಭಾರದ್ದು ಅಲ್ಲೇ ಬೇಯುತ್ತದೆ. ವಾರ್ನಿಷ್ ಬಳಿದ ಹಾಗೆ ಒಂದು ಪದರ. ದಿನಕ್ಕೆ ಹತ್ತು ಸಲ ಹತ್ತಿರ ಹತ್ತಿರದ ಓಡಾಟ ಮಾಡಿ ಗಾಡಿ ನಿಲ್ಲಿಸುವವರಿಗೆ ಇದು ಬೇಗ ಕಟ್ಟುತ್ತದೆ. ಇಂಜೆಕ್ಟರ್‌ನ ರಂಧ್ರ ಬಹಳ ಸಣ್ಣದು. ಅಲ್ಲಿ ಚೂರು ಕಿಟ್ಟ ಕೂತರೂ ಮಂಜಿನ ಹಾಗೆ ಹರಡಬೇಕಾದ ಪೆಟ್ರೋಲ್ ಪಿಚಕಾರಿಯ ಹಾಗೆ ಒಂದೇ ಕಡೆ ಹೊಡೆಯುತ್ತದೆ.

ಒಳ್ಳೆಯ ಕ್ಲೀನರ್‌ಗಳಲ್ಲಿ ಪಾಲಿಈಥರ್‌ಅಮೀನ್ ಅನ್ನುವ ರಾಸಾಯನಿಕ ಇರುತ್ತದೆ. ಚಿಕ್ಕದಾಗಿ ಪಿಇಎ. ಇದು ಸೋಪಿನ ಜಾತಿಯದ್ದು ಅಂದುಕೊಳ್ಳಿ. ಒಂದು ತುದಿ ಕಿಟ್ಟಕ್ಕೆ ಅಂಟುತ್ತದೆ, ಇನ್ನೊಂದು ಪೆಟ್ರೋಲ್‌ನಲ್ಲಿ ಕರಗುತ್ತದೆ. ಹಾಗೆ ಪದರವನ್ನು ಸ್ವಲ್ಪ ಸ್ವಲ್ಪವೇ ಎಬ್ಬಿಸಿಕೊಂಡು ಹೋಗುತ್ತದೆ. ಜಾಸ್ತಿ ಬಿಸಿಯಲ್ಲೂ ಕೆಲಸ ಮಾಡುವುದರಿಂದ ಪಿಸ್ಟನ್ ತಲೆಯ ತನಕ ಇದರ ಗುಣ ಕಾಣುತ್ತದೆ. ಕೆಲವು ಅಗ್ಗದ ಬಾಟಲಿಗಳಲ್ಲಿ ಬಹುಪಾಲು ಸೀಮೆಎಣ್ಣೆ ಜಾತಿಯ ದ್ರಾವಕವೇ. ಅದಕ್ಕೆ ನಾನು ಲೇಬಲ್‌ನ ಮುಂಭಾಗ ನೋಡುವುದನ್ನೇ ಬಿಟ್ಟೆ. ಕಂಪನಿಯವರ ಸೇಫ್ಟಿ ಡೇಟಾ ಶೀಟ್ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಒಳಗೇನಿದೆ ಅನ್ನುವ ಸುಳಿವು ಅಲ್ಲಿರುತ್ತದೆ.

ಈಗ ಮುಖ್ಯ ಮಾತು. ಟ್ಯಾಂಕಿಗೆ ಹಾಕಿದ್ದು ಪೆಟ್ರೋಲ್ ಹೋಗುವ ದಾರಿಯಲ್ಲೇ ಹೋಗಬೇಕು. ಬೇರೆ ದಾರಿ ಇಲ್ಲ, ಅಲ್ವಾ? ಪೋರ್ಟ್ ಇಂಜೆಕ್ಷನ್ ಇಂಜಿನ್‌ನಲ್ಲಿ ಪೆಟ್ರೋಲ್, ಗಾಳಿಯನ್ನು ಒಳಗೆ ಬಿಡುವ ಇಂಟೇಕ್ ವಾಲ್ವ್‌ನ ಬೆನ್ನ ಮೇಲೆ ಬಿದ್ದು ಒಳಗೆ ಹೋಗುತ್ತದೆ. ಅಲ್ಲಿ ಲೇಬಲ್‌ನ ಚಿತ್ರ ಪೂರ್ತಿ ಸುಳ್ಳಲ್ಲ. ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮುತ್ತದೆ. ವಾಲ್ವ್‌ನ ಬೆನ್ನಿಗೆ ಅದರ ಸೋಂಕೇ ಇಲ್ಲ. ಅಲ್ಲಿಗೆ ಬರುವುದು ಗಾಳಿ, ಅದರ ಜೊತೆ ಇಂಜಿನ್‌ನ ಆಯಿಲ್ ಆವಿ. ಆವಿ ಕೂತು, ಬೆಂದು, ಒಲೆ ಮೇಲಿಟ್ಟ ಪಾತ್ರೆಯ ತಳದ ಹಾಗೆ ಕರಿ ಕಟ್ಟುತ್ತದೆ. ಹತ್ತು ಬಾಟಲಿ ಸುರಿದರೂ ಆ ಕರಿ ಅಲ್ಲೇ. ಅದನ್ನು ತೆಗೆಯಲು ಮ್ಯಾನಿಫೋಲ್ಡ್, ಅಂದರೆ ಗಾಳಿ ತರುವ ಕೊಳವೆಗಳನ್ನು, ಬಿಚ್ಚಿ, ವಾಲ್‌ನಟ್ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಉದುರಿಸುತ್ತಾರೆ. ಗಟ್ಟಿ ಸಿಪ್ಪೆ, ಆದರೆ ಲೋಹಕ್ಕೆ ಗೀರು ಬೀಳಿಸದಷ್ಟು ಮೆದು. ಆದರೂ ಡೈರೆಕ್ಟ್ ಇಂಜೆಕ್ಷನ್ ಗಾಡಿಯವರು ವಾಲ್ವ್ ಹೊಳೆಯುತ್ತದೆ ಅಂತ ನಂಬಿ ಬಾಟಲಿ ಮೇಲೆ ಬಾಟಲಿ ಸುರಿಯುತ್ತಾರೆ. ಇಂಜೆಕ್ಟರ್ ತುದಿಗೆ ಉಪಯೋಗ ಆಗಬಹುದು, ಆ ವಾಲ್ವ್‌ಗಲ್ಲ. ಥ್ರಾಟಲ್ ಬಾಡಿಯದ್ದೂ ಇದೇ ಕಥೆ. ಅದು ಗಾಳಿಯ ದಾರಿ. ಅದಕ್ಕೆ ಬೇರೆ ಸ್ಪ್ರೇ ಇದೆ.

ಅಮೆರಿಕದಲ್ಲಿ 1995ರಿಂದ ಪೆಟ್ರೋಲ್‌ನಲ್ಲೇ ಡಿಟರ್ಜೆಂಟ್ ಇರಲೇಬೇಕು ಅನ್ನುವ ನಿಯಮ ಬಂತು. ಅದೂ ಸಾಲದು ಅಂತ ಕೆಲವು ಕಾರು ಕಂಪನಿಗಳೇ 2004ರಲ್ಲಿ ಟಾಪ್ ಟಿಯರ್ ಅನ್ನುವ ಇನ್ನೂ ಬಿಗಿಯಾದ ಅಳತೆ ತಂದವು. ಅಂದರೆ ಒಳ್ಳೆಯ ಪೆಟ್ರೋಲ್ ಹಾಕಿಸುವವರ ಟ್ಯಾಂಕಿಗೆ ಸ್ವಲ್ಪ ಕ್ಲೀನರ್ ಪ್ರತಿ ಸಲವೂ ಬೀಳುತ್ತಿರುತ್ತದೆ. ಅಂಥವರಿಗೆ ಬಾಟಲಿಯಿಂದ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಬೇಜಾರು ಬೇಡ. ತೊಳೆದ ತಟ್ಟೆಯನ್ನು ಮತ್ತೆ ತೊಳೆದರೆ ಏನು ಕಾಣುತ್ತದೆ?

"ನನಗೆ ಮೈಲೇಜ್ ಜಾಸ್ತಿ ಆಯ್ತು" ಅನ್ನುವವರಿಗೆ ಒಂದು ಪ್ರಶ್ನೆ. ಬಾಟಲಿ ಹಾಕಿದ ಮೇಲೆ ಹೇಗೆ ಓಡಿಸಿದಿರಿ? ಹೈವೇಗೆ ಹೋದಿರಿ. ಆಕ್ಸಿಲರೇಟರ್ ಮೇಲೆ ಹಗುರ ಕಾಲು. ಕಣ್ಣೆಲ್ಲ ಮೈಲೇಜ್ ಮೀಟರ್ ಮೇಲೆ. ಆ ಓಡಿಸುವಿಕೆಗೆ ಬಾಟಲಿ ಇಲ್ಲದಿದ್ದರೂ ಮೈಲೇಜ್ ಬರುತ್ತಿತ್ತು. ನಿಜವಾಗಿ ನೋಡಬೇಕು ಅಂದರೆ ಇಂಜಿನ್ ಕಂಪ್ಯೂಟರ್ ಓದುವ ಅಗ್ಗದ ಒಬಿಡಿ ಸ್ಕ್ಯಾನರ್ ಒಂದನ್ನು ಮೊಬೈಲ್‌ಗೆ ಜೋಡಿಸಿ, ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ನೋಡಿ. ಇಂಜಿನ್ ಕಂಪ್ಯೂಟರ್ ಪೆಟ್ರೋಲ್ ಸಾಲುತ್ತಿಲ್ಲ ಅಂತ ಎಷ್ಟು ಹೆಚ್ಚಿಗೆ ಕೊಡುತ್ತಿದೆ ಅನ್ನುವ ಲೆಕ್ಕ ಅದು. ಸೊನ್ನೆಯ ಆಸುಪಾಸಿದ್ದರೆ ಒಳ್ಳೆಯದು. 10 ಪರ್ಸೆಂಟ್ ದಾಟಿದ್ದರೆ ಏನೋ ಇದೆ. ಇಂಜೆಕ್ಟರ್ ಕಟ್ಟಿರಬಹುದು, ಎಲ್ಲೋ ಪೈಪ್ ಬಿರಿದು ಗಾಳಿ ಸೋರುತ್ತಿರಲೂಬಹುದು. ಬಾಟಲಿ ಹಾಕುವ ಮುಂಚೆ ಒಂದು ಸಲ, ಆ ಟ್ಯಾಂಕ್ ಮುಗಿದ ಮೇಲೆ ಒಂದು ಸಲ ಬರೆದಿಟ್ಟುಕೊಳ್ಳಿ.

ಹಾಕುವ ರೀತಿ ದೊಡ್ಡ ವಿದ್ಯೆಯೇನಲ್ಲ. ಇಂಜಿನ್ ಆಫ್ ಇರಲಿ, ಅಕ್ಕಪಕ್ಕ ಬೆಂಕಿ ಬೇಡ, ಕೈಗೆ ಗ್ಲೋವ್ಸ್ ಇರಲಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ಒರೆಸಿ. ಮೊದಲು ಬಾಟಲಿ, ಆಮೇಲೆ ಪೆಟ್ರೋಲ್. ತುಂಬುವ ರಭಸಕ್ಕೆ ಅದೇ ಬೆರೆಯುತ್ತದೆ. ಎಷ್ಟು ಲೀಟರ್‌ಗೆ ಒಂದು ಬಾಟಲಿ ಅಂತ ಬರೆದಿರುತ್ತದೆ, ಅಷ್ಟೇ ಹಾಕಿ. ನನ್ನ ಹಾಗೆ ಮೇಲಿಂದ ಮೇಲೆ ಸುರಿಯಬೇಡಿ. ಒಂದಿಷ್ಟು ಪಿಇಎ ಪಿಸ್ಟನ್ ಪಕ್ಕದಿಂದ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಅದಕ್ಕೆ ಆಯಿಲ್ ಬದಲಿಸುವ ಸಮಯ ಹತ್ತಿರ ಬಂದಾಗ ಹಾಕುವುದು ಜಾಣತನ. ಡೀಸೆಲ್ ಗಾಡಿಗೆ ಡೀಸೆಲ್‌ನದ್ದೇ ಬಾಟಲಿ, ಅದರಲ್ಲಿ ಚೌಕಾಸಿ ಇಲ್ಲ. ಆಕ್ಟೇನ್ ಬೂಸ್ಟರ್ ಅಂತ ಪಕ್ಕದಲ್ಲೇ ಇನ್ನೊಂದು ಇರುತ್ತದೆ, ಅದು ಪೆಟ್ರೋಲ್ ಅಕಾಲದಲ್ಲಿ ಹೊತ್ತಿಕೊಳ್ಳದಂತೆ ತಡೆಯುವುದಕ್ಕೆ, ಕ್ಲೀನರ್ ಅಲ್ಲ. ಫೆರೋಸೀನ್ ಅನ್ನುವ ಕಬ್ಬಿಣದ ಅಂಶದ ರಾಸಾಯನಿಕ ಇರುವ ಬೂಸ್ಟರ್ ಹಾಕಿದ ಗಾಡಿಯ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಗೊತ್ತಾಗುತ್ತದೆ. ಬೆಳ್ಳಗಿರಬೇಕಾದ ಪಿಂಗಾಣಿ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ.

ಕಾಯಿಲ್ ಬದಲಿಸಿದ ದಿನವೇ ನಡುಕ ನಿಂತಿತು. ಆ ಮೂರನೇ ಬಾಟಲಿ ಇನ್ನೂ ಮನೆಯ ಶೆಲ್ಫ್ ಮೇಲಿದೆ, ಸೀಲ್ ಕೂಡ ಒಡೆದಿಲ್ಲ. ಮುಂದಿನ ಆಯಿಲ್ ಬದಲಾವಣೆಗೆ ಮುಂಚೆ ಟ್ರಿಮ್ ಎಷ್ಟಿದೆ ನೋಡಿ, ಬೇಕಾದರೆ ಹಾಕುತ್ತೇನೆ. ಅಂಕಿ ಎಷ್ಟು ಬಂತು ಅಂತ ಆಗ ಹೇಳುತ್ತೇನೆ.