ನಾನು ನೋಡದೇ ಹೋದ ಹಳದಿ ಬಾವುಟ

ನನ್ನ ರೇಸ್ ಕಾರಿನೊಳಗಿಂದ ತೆಗೆದ ಈ ಕ್ಲಿಪ್ ಒಂದು ಸಲ ನೋಡಿ. ಎಡಗಡೆ, ತಡೆಗೋಡೆ ಪಕ್ಕದಲ್ಲಿ ಮಾರ್ಷಲ್ ಪೋಸ್ಟ್ ಇದೆ, ಅಂದರೆ ಟ್ರ್ಯಾಕ್‌ನ ಸುರಕ್ಷತೆ ನೋಡಿಕೊಳ್ಳುವವರು ನಿಲ್ಲುವ ಜಾಗ. ಮುಂದೆ ಅಪಾಯ ಇದೆ ಅಂತ ಅಲ್ಲಿ ಹಳದಿ ಬಾವುಟ ಬೀಸುತ್ತಿದ್ದಾರೆ. ಕಾಣಿಸಿತಾ? ನಿಮಗೆ ಕಾಣಿಸುತ್ತದೆ, ಯಾಕೆಂದರೆ ಎಲ್ಲಿ ನೋಡಬೇಕು ಅಂತ ನಾನು ಮೊದಲೇ ಹೇಳಿದೆ. ಅವತ್ತು ಕಾರಿನೊಳಗೆ ಕೂತಿದ್ದ ನನಗೆ ಕಾಣಿಸಲಿಲ್ಲ. ನನ್ನ ಮುಂದೆ ಒಂದು ದೊಡ್ಡ ಕಾರು ಇತ್ತು, ಬ್ರೇಕ್ ಹಾಕುವ ಜಾಗದಲ್ಲಿ ಅದನ್ನು ಹಿಂದೆ ಹಾಕಬೇಕು ಅಂತ ಎರಡು ಸುತ್ತಿನಿಂದ ಕಾಯುತ್ತಿದ್ದೆ, ಕಣ್ಣು ಪೂರ್ತಿ ಅದರ ಹಿಂದಿನ ಬಂಪರ್ ಮೇಲೆ ನೆಟ್ಟಿತ್ತು. ತಿರುವು ದಾಟಿದರೆ ಟ್ರ್ಯಾಕ್ ಅಂಚಿನಲ್ಲಿ ಒಂದು ಕಾರು ಅಡ್ಡ ನಿಂತಿದೆ. ಪಕ್ಕದಲ್ಲಿ ಇಬ್ಬರು ಮಾರ್ಷಲ್‌ಗಳು ಬಗ್ಗಿ ಹಗ್ಗ ಸಿಕ್ಕಿಸುತ್ತಿದ್ದಾರೆ.

ಏನೂ ಆಗಲಿಲ್ಲ. ಒಂದೆರಡು ಮೀಟರ್ ದೂರದಲ್ಲಿ ಹಾದು ಹೋದೆ. ಆದರೆ ಅವರಲ್ಲೊಬ್ಬರು ತಲೆಯೆತ್ತಿ ನೋಡಿದ ಆ ಮುಖ ನನಗೆ ಇನ್ನೂ ಮರೆತಿಲ್ಲ.

ರೇಸ್ ಮುಗಿದ ಮೇಲೆ ಆ ಪೋಸ್ಟ್‌ಗೆ ನಡೆದುಕೊಂಡು ಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ಕೆಲಸ ಹೇಗೆ ಮಾಡುತ್ತೇವೆ ಅಂತ ಹೇಳಿದರು. ಬಿದ್ದ ಕಾರಿನ ಹತ್ತಿರ ಹೋಗುವಾಗ ಒಬ್ಬರು ಮಾತ್ರ ಬರುವ ಕಾರುಗಳ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಕೈಯಲ್ಲಿ ಸೀಟಿ. ಯಾರಾದರೂ ಹತೋಟಿ ತಪ್ಪಿ ಬಂದರೆ ಸೀಟಿ ಊದಬೇಕು, ಉಳಿದವರು ಓಡಬೇಕು. ಅಷ್ಟೇ ಅವರ ರಕ್ಷಣೆ. ಗಂಟೆಗೆ 150 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 41 ಮೀಟರ್‌ಗಿಂತ ಜಾಸ್ತಿ ದೂರ ಬರುತ್ತದೆ. ಬಗ್ಗಿ ಕೂತವರು ಎದ್ದು ನಿಲ್ಲೋಕೇ ಒಂದು ಸೆಕೆಂಡು ಬೇಕು.

ಅವತ್ತಿಂದ ಕಾರಿನೊಳಗೆ ಬಾವುಟದ ಸೂಚನೆ ತೋರಿಸುವ ಈ ಪೆಟ್ಟಿಗೆಯ ಬಗ್ಗೆ ನಾನು ಸಿಕ್ಕವರ ಹತ್ತಿರವೆಲ್ಲ ಮಾತಾಡುತ್ತಿದ್ದೇನೆ. ಇವತ್ತು ನಿಮ್ಮ ಹತ್ತಿರ.

ಈಗ ಸ್ಟೀರಿಂಗ್ ಮೇಲ್ಗಡೆ ನೋಡಿ. ಆ ಚಿಕ್ಕ ಕಪ್ಪು ಪೆಟ್ಟಿಗೆ. ಒಳಗೆ ಜಿಪಿಎಸ್, ಒಂದು ರೇಡಿಯೊ, ಮುಂದೆ ಜೋರಾಗಿ ಬೆಳಗುವ ಎಲ್‌ಇಡಿಗಳು. ಟ್ರ್ಯಾಕ್‌ನ ನಕ್ಷೆಯನ್ನು ಮೊದಲೇ ತುಂಡು ತುಂಡಾಗಿ ಭಾಗ ಮಾಡಿ ಇದರಲ್ಲಿ ತುಂಬಿರುತ್ತಾರೆ, ಸಾಮಾನ್ಯವಾಗಿ ಒಂದು ಪೋಸ್ಟ್‌ನಿಂದ ಮುಂದಿನ ಪೋಸ್ಟ್‌ವರೆಗೆ ಒಂದು ಭಾಗ. ಯಾವುದೋ ತಿರುವಿನಲ್ಲಿ ಕಾರು ಸಿಕ್ಕಿಹಾಕಿಕೊಂಡಿತು ಅಂದುಕೊಳ್ಳಿ. ಅಲ್ಲಿಯ ಮಾರ್ಷಲ್ಲೋ, ಪೂರ್ತಿ ರೇಸ್ ನಡೆಸುವ ರೇಸ್ ಕಂಟ್ರೋಲ್ ಕೋಣೆಯಲ್ಲಿ ಕೂತವರೋ ಬಟನ್ ಒತ್ತುತ್ತಾರೆ, ಸಂದೇಶ ಎಲ್ಲ ಕಾರುಗಳಿಗೂ ಹೋಗುತ್ತದೆ, ಆದರೆ ತಾನು ಎಲ್ಲಿದ್ದೇನೆ ಅಂತ ಪ್ರತಿ ಪೆಟ್ಟಿಗೆಗೂ ಗೊತ್ತಿರುವುದರಿಂದ ಆ ಭಾಗಕ್ಕೆ ಹತ್ತಿರವಾಗುವ ಕಾರಿನಲ್ಲಿ ಮಾತ್ರ ಹಳದಿ ಹತ್ತುತ್ತದೆ. ದಾಟಿದ ತಕ್ಷಣ ಆರುತ್ತದೆ. ಕೆಂಪು ಬಂದರೆ, ಅಂದರೆ ರೇಸ್ ನಿಲ್ಲಿಸಿದರೆ, ಎಲ್ಲರಿಗೂ ಒಟ್ಟಿಗೇ ಕೆಂಪು. ಕಪ್ಪು ಬಾವುಟವಾದರೆ ಯಾವ ಕಾರನ್ನು ಟ್ರ್ಯಾಕ್‌ನಿಂದ ಒಳಗೆ ಕರೆಯಬೇಕೋ ಅದರಲ್ಲಿ ಮಾತ್ರ. ಕಪ್ಪು ಬಾವುಟದ ಜೊತೆ ನಂಬರ್ ಬೋರ್ಡ್ ಹಿಡಿದು ನಿಂತರೂ ಡ್ರೈವರ್ ಅದನ್ನು ನೋಡದೆ ಸುತ್ತಿನ ಮೇಲೆ ಸುತ್ತು ಓಡಿಸುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಫೋನ್‌ನ ಜಿಪಿಎಸ್‌ನಲ್ಲೇ ಇದನ್ನು ಮಾಡಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಫೋನ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ಜಾಗ ಹೇಳುತ್ತದೆ. ಅಷ್ಟರಲ್ಲಿ ಆ 41 ಮೀಟರ್ ಹೋಗಿಬಿಟ್ಟಿರುತ್ತದೆ. ರೇಸಿಂಗ್‌ಗೆ ಅಂತ ಮಾಡಿದವು ಸೆಕೆಂಡಿಗೆ 10 ಸಲ ಅಥವಾ ಇನ್ನೂ ಜಾಸ್ತಿ ಹೇಳುತ್ತವೆ.

ಇನ್ನು ವೇಗದ ವಿಷಯ. ನನಗೆ ಇದೇ ಮುಖ್ಯ.

ಹಳದಿ ಅಂದರೆ ನಿಧಾನ ಮಾಡು ಅಂತ. ಸರಿ, ಎಷ್ಟು ನಿಧಾನ? ಒಬ್ಬರಿಗೆ ಕಾಲು ಸ್ವಲ್ಪ ಎತ್ತಿದರೆ ಅದೇ ನಿಧಾನ. ಇನ್ನೊಬ್ಬರು ಪೂರ್ತಿ ಬ್ರೇಕ್ ಹಾಕುತ್ತಾರೆ. 2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ ಫಾರ್ಮುಲಾ ಒನ್ ರೇಸ್ ನಡೆಯುವಾಗ ಮಳೆ ಸುರಿಯುತ್ತಿತ್ತು. ಏಡ್ರಿಯನ್ ಸುಟಿಲ್ ಅವರ ಕಾರು ಜಾರಿ ಹೊರಗೆ ಹೋಗಿತ್ತು, ಅದನ್ನು ಎತ್ತಲು ಕ್ರೇನ್ ಬಂದಿತ್ತು, ಎರಡೆರಡು ಹಳದಿ ಬಾವುಟ ಬೀಸುತ್ತಿದ್ದರು. ಮುಂದಿನ ಸುತ್ತಿನಲ್ಲಿ ಅದೇ ತಿರುವಿನಲ್ಲಿ ಜೂಲ್ಸ್ ಬಿಯಾಂಕಿ ಅವರ ಕಾರು ಜಾರಿ ನೇರ ಆ ಕ್ರೇನ್‌ಗೆ ಹೊಡೆಯಿತು. 2015ರ ಜುಲೈನಲ್ಲಿ ಅವರು ತೀರಿಕೊಂಡರು. ಫಾರ್ಮುಲಾ ಒನ್‌ನಲ್ಲಿ ವರ್ಚುವಲ್ ಸೇಫ್ಟಿ ಕಾರ್ ಅನ್ನುವ ನಿಯಮ ಬಂದದ್ದು ಅದೇ 2015ರಲ್ಲಿ. ಎಷ್ಟು ನಿಧಾನ ಅನ್ನುವುದನ್ನು ಡ್ರೈವರ್ ಮನಸ್ಸಿಗೆ ಬಿಡದೆ ಲೆಕ್ಕಕ್ಕೆ ತಂದದ್ದು ಅದು.

ಅಲ್ಲಿ ಟ್ರ್ಯಾಕ್‌ನ ಪ್ರತಿ ತುಂಡಿಗೂ ಇಷ್ಟು ಸಮಯಕ್ಕಿಂತ ಬೇಗ ದಾಟಬಾರದು ಅಂತ ಲೆಕ್ಕ ಇರುತ್ತದೆ. ಹವ್ಯಾಸಿ ರೇಸ್‌ಗೆ ಇಷ್ಟೆಲ್ಲ ಬೇಡ. ಒಂದೇ ವೇಗ ಹೇಳಿದರೆ ಸಾಕು. ಕೋಡ್ 60 ಅಂತ ಇದೆಯಲ್ಲ, ನೇರಳೆ ಬಾವುಟ, ಮಧ್ಯೆ ಬಿಳಿ ವೃತ್ತದಲ್ಲಿ 60 ಅಂತ ಬರೆದಿರುತ್ತದೆ, ಎಲ್ಲರೂ ಗಂಟೆಗೆ 60 ಕಿ.ಮೀ., ಹಿಂದೆ ಹಾಕುವಂತಿಲ್ಲ. ಜರ್ಮನಿಯ ನೂರ್ಬುರ್ಗ್‌ರಿಂಗ್‌ನ 24 ಗಂಟೆ ರೇಸ್‌ನಲ್ಲಿ ಒಂದು ಸುತ್ತೇ ಸುಮಾರು 25 ಕಿ.ಮೀ. ಒಂದು ಮೂಲೆಯಲ್ಲಿ ಕಾರು ಬಿದ್ದರೆ ಪೂರ್ತಿ ಟ್ರ್ಯಾಕ್ ನಿಧಾನ ಮಾಡುವುದರಲ್ಲಿ ಅರ್ಥವಿಲ್ಲ, ಹಾಗಾಗಿ ಆ ತುಂಡಿಗೆ ಮಾತ್ರ 60. ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆ ರೇಸ್‌ನಲ್ಲಿ 2014ರಿಂದ ಇರುವ ಸ್ಲೋ ಝೋನ್‌ನಲ್ಲಿ 80.

ರೇಸ್ ನಿಧಾನ ಮಾಡಲು ಎಲ್ಲರ ಮುಂದೆ ಬಿಡುವ ಸೇಫ್ಟಿ ಕಾರ್ ಬಂದರೆ ಎಲ್ಲ ಕಾರುಗಳೂ ಅದರ ಹಿಂದೆ ಒಟ್ಟುಗೂಡುತ್ತವೆ, ಮೂರು ಗಂಟೆ ಕಷ್ಟಪಟ್ಟು ಗಳಿಸಿದ ಅಂತರ ಹೋಗಿಬಿಡುತ್ತದೆ. ಎಲ್ಲರೂ ಒಂದೇ ಕ್ಷಣಕ್ಕೆ 60ಕ್ಕೆ ಇಳಿದರೆ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಒಂದೇ ಕ್ಷಣಕ್ಕೆ, ಅದೇ ಕಷ್ಟ. ಬರೀ ಬಾವುಟದಲ್ಲಿ ಆದರೆ ಪೋಸ್ಟ್ ಹತ್ತಿರ ಇದ್ದವನು ಮೊದಲು ಇಳಿಯುತ್ತಾನೆ, ದೂರ ಇದ್ದವನು ಜೋರಾಗಿ ಬರುತ್ತಲೇ ಇರುತ್ತಾನೆ, ಹಿಂದಿನಿಂದ ಗುದ್ದುವುದು ಆಗಲೇ. ಪೆಟ್ಟಿಗೆ ಇದ್ದರೆ ಎಲ್ಲರಿಗೂ ಒಟ್ಟಿಗೆ ಬೆಳಕು ಬರುತ್ತದೆ, ಐದರಿಂದ ಒಂದರವರೆಗೆ ಇಳಿಎಣಿಕೆಯನ್ನೂ ಕೊಡಬಹುದು. ಹೊಡೆತದ ಲೆಕ್ಕ ಕೂಡ ನೋಡಿ. 150ರಿಂದ 60ಕ್ಕೆ ಬಂದರೆ ವೇಗ ಇಳಿಯುವುದು ಎರಡೂವರೆ ಪಟ್ಟು. ಗುದ್ದಿದರೆ ಬೀಳುವ ಶಕ್ತಿ ಆರು ಪಟ್ಟಿಗಿಂತ ಜಾಸ್ತಿ ಇಳಿಯುತ್ತದೆ.

ಇನ್ನೊಂದು ವಿಷಯ, ರೇಸ್ ಮಾಡದವರಿಗೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಎಷ್ಟೋ ಕಾರುಗಳಲ್ಲಿ ಸ್ಪೀಡೋಮೀಟರೇ ಇರುವುದಿಲ್ಲ. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮೀಟರ್ ಒಂದೇ. ಒತ್ತಿದರೆ ವೇಗ ಒಂದು ಮಿತಿ ದಾಟದಂತೆ ತಡೆಯುವ ಪಿಟ್ ಲಿಮಿಟರ್ ಬಟನ್ ಅಂತೂ ಹಳೇ ಕಾರಿನಲ್ಲಿ ಕೇಳಲೇಬೇಡಿ. ನಾನು ಮೂರನೇ ಗೇರಿನಲ್ಲಿ 60ಕ್ಕೆ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಅಲ್ಲಿ ಬಿಳಿ ಟೇಪ್ ಅಂಟಿಸಿದ್ದೆ. ಈಗ ಪೆಟ್ಟಿಗೆಯೇ ಜಿಪಿಎಸ್‌ನಿಂದ ವೇಗ ತೋರಿಸುತ್ತದೆ, ಅದೇ ಲೆಕ್ಕ ರೇಸ್ ಕಂಟ್ರೋಲ್‌ಗೂ ಹೋಗುತ್ತದೆ. ನಾನು 60 ದಾಟಿದರೆ ಅವರಿಗೆ ಗೊತ್ತಾಗುತ್ತದೆ. ಸುಮ್ನೆ ವಾದ ಮಾಡೋಕೆ ಜಾಗವಿಲ್ಲ. ಇದು ಕೆಲವರಿಗೆ ಇಷ್ಟವಿಲ್ಲ, ನನಗೆ ಇಷ್ಟ.

ಹಾಗಾದರೆ ರೇಸ್ ಕಂಟ್ರೋಲ್‌ನವರೇ ಕಾರಿನ ವೇಗ ಇಳಿಸಿಬಿಡಲಿ ಅಂತ ಹೋದ ವಾರ ಒಬ್ಬರು ಹೇಳಿದರು. ಬಾಡಿಗೆ ಗೋ-ಕಾರ್ಟ್‌ಗಳಲ್ಲಿ ಹಾಗೆ ಮಾಡುತ್ತಾರೆ, ಹೊರಗಿನಿಂದ ಬಟನ್ ಒತ್ತಿ ಎಲ್ಲವನ್ನೂ ನಿಧಾನ ಮಾಡುತ್ತಾರೆ, ಅಲ್ಲಿ ಅದು ಸರಿ. ರೇಸ್ ಕಾರಿಗೆ ಬೇಡವೇ ಬೇಡ. ವೇಗದ ತಿರುವಿನ ನಡುವೆ ಇಂಜಿನ್ ಶಕ್ತಿ ಏಕಾಏಕಿ ಹೋದರೆ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಿಡಿತ ಬಿಡುತ್ತದೆ, ಕಾರು ಗಿರ್ರನೆ ತಿರುಗುತ್ತದೆ. ಹೊರಗೆ ಕೂತವರಿಗೆ ನಾನು ತಿರುವಿನ ಯಾವ ಹಂತದಲ್ಲಿದ್ದೇನೆ ಅಂತ ತಿಳಿಯುವುದಿಲ್ಲ. ಬೆಳಕು ಅವರು ಹಾಕಲಿ, ಕಾಲು ನಾನೇ ಎತ್ತುತ್ತೇನೆ.

ಬಾವುಟ ಇನ್ನು ಬೇಕಿಲ್ಲ ಅನ್ನುವವರಿಗೂ ನನ್ನ ಒಪ್ಪಿಗೆ ಇಲ್ಲ. ವೈರ್ ಸಡಿಲವಾಗಬಹುದು, ಸಿಗ್ನಲ್ ತಪ್ಪಬಹುದು. ಪೆಟ್ಟಿಗೆ ಹಸಿರು ತೋರಿಸುತ್ತಿದ್ದು ಪೋಸ್ಟ್‌ನಲ್ಲಿ ಹಳದಿ ಇದ್ದರೆ ಅದು ಹಳದಿಯೇ. ಪೆಟ್ಟಿಗೆಯನ್ನು ನೀವೂ ಹಾಕಿಸುವುದಾದರೆ ಎಲ್ಲಿ ಕೂರಿಸುತ್ತೀರಿ ಅಂತ ಯೋಚನೆ ಮಾಡಿ. ಹೆಲ್ಮೆಟ್, ಕುತ್ತಿಗೆ ಕಾಪಾಡುವ ಹ್ಯಾನ್ಸ್, ಸೀಟಿನ ತಲೆ ಆಸರೆ, ಇಷ್ಟೂ ಇದ್ದಾಗ ಪಕ್ಕಕ್ಕೆ ನೋಟ ಹೋಗುವುದು ಕಡಿಮೆ. ನಾನು ಮೊದಲು ಬಲಗಡೆ ಕೆಳಗೆ ಹಾಕಿ ತಪ್ಪು ಮಾಡಿದ್ದೆ, ಬಿಸಿಲಿನಲ್ಲಿ ಕಾಣಲೇ ಇಲ್ಲ. ಈಗ ಟ್ರ್ಯಾಕ್ ನೋಡುವ ನೇರಕ್ಕೆ, ಸ್ವಲ್ಪ ಕೆಳಗೆ ಇದೆ. ಆ್ಯಂಟೆನಾ ಕಾರಿನ ಚಾವಣಿ ಮೇಲೆ, ಆಕಾಶ ಪೂರ್ತಿ ಕಾಣುವ ಕಡೆ.

ಈಗ ಕೊನೆಯ ಕ್ಲಿಪ್. ಅದೇ ಟ್ರ್ಯಾಕ್, ಅದೇ ತಿರುವು, ಈ ಸಲವೂ ಮುಂದೆ ಒಂದು ಕಾರು. ಹಳದಿ ಹತ್ತಿತು, ಅಲ್ಲಿ ನನ್ನ ಕಾಲು ಎದ್ದಿತು, ಇಂಜಿನ್ ಸದ್ದು ಇಳಿದದ್ದು ಕೇಳಿಸುತ್ತದೆ ನೋಡಿ. ಪೋಸ್ಟ್ ಇನ್ನೂ ಕಾಣುತ್ತಿಲ್ಲ. ಈಗ ಬಾವುಟ ಬಂತು. ನೋಡಿದೆ ಅಂತ ಕೈ ಎತ್ತಿ ತೋರಿಸಿದೆ. ಬೆಳಕು ಬಂದದ್ದಕ್ಕೂ ಬಾವುಟ ಕಂಡದ್ದಕ್ಕೂ ನಡುವೆ ವೀಡಿಯೊದಲ್ಲಿ ಎಣಿಸಿದೆ, ಮೂರು ಸೆಕೆಂಡ್. 150ರ ವೇಗದಲ್ಲಿ 125 ಮೀಟರ್.